ಗರ್ಭಸ್ಥ ಶಿಶುವಿನ ವಂಶವಾಹಿ ತಪಾಸಣೆ: ಬಿಲ್ಲು ಮತ್ತು ವರದಿ

ಮಾರಿದ ಸರಕು ಒಂದು, ಬಿಲ್ಲಿನಲ್ಲಿ ನಮೂದಿಸಿದ ಎಚ್‌ಎಸ್‌ಎನ್ ಸಂಕೇತ ಮತ್ತೊಂದಾದರೆ ಆಗುವ ಪರಿಣಾಮವನ್ನು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಅಮೆರಿಕದ ಪ್ರಯೋಗಾಲಯಗಳ ವಹಿವಾಟಿನಲ್ಲಿ ಇಂಥದೇ ಪ್ರಕರಣಗಳು ನಡೆದಿವೆ.

ಗರ್ಭಿಣಿಯ ರಕ್ತದಲ್ಲಿ ಬೆರೆತಿರುವ, ಮಾಸುವಿನಿಂದ ಬಂದ ಡಿಎನ್‌ಎ ತುಣುಕುಗಳನ್ನು ಪರಿಶೀಲಿಸಿ, ಶಿಶುವಿಗೆ ಡೌನ್ ಸಿಂಡ್ರೋಮ್ ಮುಂತಾದ ದೋಷಗಳಿರುವ ಸಂಭವವನ್ನು ಈ ತಪಾಸಣೆ ತಿಳಿಸುತ್ತದೆ. 2011ರಲ್ಲಿ ಇದು ಅಲ್ಲಿ ಮಾರುಕಟ್ಟೆಗೆ ಬಂದಿತು. ಅಲ್ಲಿ ಪ್ರತಿ ಪರೀಕ್ಷೆಗೂ ಒಂದು ಸಂಕೇತ ಸಂಖ್ಯೆಯುಂಟು. ಅದನ್ನು ಆಧರಿಸಿಯೇ ವಿಮೆಯ ಹಣ ಸಂದಾಯವಾಗುತ್ತದೆ. ಸರ್ಕಾರಿ ಆರೋಗ್ಯ ಯೋಜನೆಗಳಿಗೆ ತಪ್ಪು ಸಂಕೇತದಡಿ ಬಿಲ್ಲು ಸಲ್ಲಿಸಿದ ಆರೋಪದ ಇತ್ಯರ್ಥಕ್ಕಾಗಿ ನಟೆರಾ ಸಂಸ್ಥೆಯು 2018ರಲ್ಲಿ 1 ಕೋಟಿ 14 ಲಕ್ಷ ಡಾಲರ್ ಪಾವತಿಸಲು ಒಪ್ಪಿತು. 2020ರಲ್ಲಿ ಪ್ರೊಜೆನಿಟಿ ಸಂಸ್ಥೆ ಒಪ್ಪಿದ ಮೊತ್ತ 4 ಕೋಟಿ 90 ಲಕ್ಷ ಡಾಲರ್. ವೈದ್ಯರಿಗೆ ಆಮಿಷ ನೀಡಿದ್ದು, ರೋಗಿಯ ಪಾಲಿನ ಹಣವನ್ನು ವಾಡಿಕೆಯಾಗಿ ಮನ್ನಾ ಮಾಡಿದ್ದು ಕೂಡ ಅದರ ಮೇಲಿನ ಆರೋಪಗಳಾಗಿದ್ದವು.

ವರದಿಯ ವಿಚಾರ ಇನ್ನೂ ಗಂಭೀರ. ಒಂದು ಲೆಕ್ಕ ನೋಡೋಣ. 10,000ಕ್ಕೆ ಒಂದು ಶಿಶುವಿನಲ್ಲಿ ಮಾತ್ರ ಕಾಣುವ ದೋಷವೊಂದಿದೆಯೆನ್ನಿ. ಪರೀಕ್ಷೆಯು ಅದನ್ನು ತಪ್ಪದೆ ಹಿಡಿಯುತ್ತದೆ. ದೋಷವಿಲ್ಲದ ಸಾವಿರ ಮಂದಿಯಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ. ಇದನ್ನು ಶೇ. 99.9ರಷ್ಟು ನಿಖರವೆಂದು ಪ್ರಚಾರ ಮಾಡಬಹುದು. ಆದರೆ 10,000 ಮಂದಿಯನ್ನು ಪರೀಕ್ಷಿಸಿದಾಗ ನಿಜವಾದ ‘ಇದೆ’ ಒಂದು, ಸುಳ್ಳು ‘ಇದೆ’ ಸುಮಾರು ಹತ್ತು! ದೋಷ ವಿರಳವಾದಷ್ಟೂ ‘ಇದೆ’ ಎಂಬ ವರದಿಯ ಬೆಲೆ ಕುಸಿಯುತ್ತದೆ. ಅಷ್ಟು ವಿರಳವಲ್ಲದ ಡೌನ್ ಸಿಂಡ್ರೋಮ್ ವಿಷಯದಲ್ಲಿ ಅದು ಹೆಚ್ಚು ನಂಬಲರ್ಹ.

ಈ ವರದಿಯೊಂದನ್ನೇ ನಂಬಿ ಕೆಲವರು ಗರ್ಭಪಾತ ಮಾಡಿಸಿಕೊಂಡಿರುವರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಇದು ತಪಾಸಣೆಯೇ ಹೊರತು ಅಂತಿಮ ನಿರ್ಣಯವಲ್ಲ. ಗರ್ಭಜಲ ಪರೀಕ್ಷೆಯಂಥ ದೃಢೀಕರಣ ಅಗತ್ಯ.

ಈ ತಪಾಸಣೆ ನಮ್ಮ ದೇಶದಲ್ಲಿಯೂ ಲಭ್ಯವಿದೆ. ಮನೆಯವರಿಗಾಗಿ ಹಣ ತೆರುವ ಮುನ್ನ ಮೂರು ಸಂಗತಿ ಕೇಳಿ ತಿಳಿಯುವುದು ಒಳಿತು:

1. ಬಿಲ್ಲಿನಲ್ಲಿ ಯಾವ ಪರೀಕ್ಷೆಯ ಹೆಸರಿದೆ?
2. ಆ ದೋಷದ ಬಗ್ಗೆ ‘ಇದೆ’ ಎಂಬ ನೂರು ವರದಿಗಳಲ್ಲಿ ನಿಜವಾಗುವುದೆಷ್ಟು?
3. ದೃಢೀಕರಣ ಪರೀಕ್ಷೆಯ ವೆಚ್ಚವೆಷ್ಟು?

ಬಿಲ್ಲಿನ ತಪ್ಪನ್ನು ಹಣ ಕೊಟ್ಟು ಸರಿಪಡಿಸಬಹುದು. ತಪ್ಪು ವರದಿಯನ್ನು ನಂಬಿ ಕಳೆದುಕೊಂಡ ಗರ್ಭಕ್ಕೆ ಪರಿಹಾರವಿಲ್ಲ.