ಒಣಗದ ಮೀನು ಮತ್ತು ಗಡಿಯ ಮಕ್ಕಳು

ಮಕ್ಕಳ ಸಾಹಿತ್ಯೋತ್ಸವಗಳಲ್ಲಿ ಕತೆ, ಕವಿತೆ, ಹಾಸ್ಯಗಳನ್ನು ಒಂದೇ ವೇದಿಕೆಗೆ ತರುವುದು ವಾಡಿಕೆ. ಆದರೆ ಭಾಷೆಯ ಗಡಿಯನ್ನು ಈ ಮೂರೂ ಒಂದೇ ಬಗೆಯಲ್ಲಿ ದಾಟುವುದಿಲ್ಲ.

ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಸರಪಳಿ ಕತೆಯನ್ನು ನೋಡಬಹುದು. ತೆಲುಗಿನ ಮನೆಮನೆಯ ‘ಏಡು ಚೇಪಲ ಕಥ’, ಅಂದರೆ ಏಳು ಮೀನುಗಳ ಕತೆಯಲ್ಲಿಯೂ ಬಿಸಿಲಿಗಿಟ್ಟ ಮೀನೊಂದು ಒಣಗುವುದಿಲ್ಲ. ಕಾರಣ ಕೇಳಿದರೆ ಮೀನು ಹುಲ್ಲನ್ನು, ಹುಲ್ಲು ಹಸುವನ್ನು, ಹಸು ದನಗಾಹಿಯನ್ನು ದೂರುತ್ತ, ಕೊನೆಗೆ ತಪ್ಪು ಇರುವೆಯ ತಲೆಗೆ ಬರುತ್ತದೆ. ಈ ಕಟ್ಟು ಭಾಷೆಯಿಂದ ಭಾಷೆಗೆ ಸಲೀಸಾಗಿ ಸಾಗುತ್ತದೆ. ನಗೆ ಹುಟ್ಟುವುದು ಮಾತ್ರ ಮರುಕಳಿಸುವ ಪ್ರಶ್ನೆಯ ಲಯದಲ್ಲಿ, ಆಡುಮಾತಿನ ಕೊಂಕಿನಲ್ಲಿ. ಅದನ್ನು ಪ್ರತಿಯೊಂದು ಭಾಷೆಯೂ ಹೊಸದಾಗಿ ಕಟ್ಟಿಕೊಳ್ಳಬೇಕು. ಕವಿತೆಯ ಪ್ರಾಸಕ್ಕೂ ಇದೇ ಮಾತು ಸಲ್ಲುತ್ತದೆ.

ಮಡಕಶಿರಾ, ರಾಯದುರ್ಗಗಳಂತಹ ದ್ವಿಭಾಷಾ ಪ್ರದೇಶಗಳಲ್ಲಿ ಉತ್ಸವ ನಡೆಸುವವರಿಗೆ ಇದರಲ್ಲೊಂದು ಸೂಚನೆಯಿದೆ. ಒಂದೇ ಕತೆಯನ್ನು ಎರಡೂ ಭಾಷೆಗಳಲ್ಲಿ ಒಂದರ ಬೆನ್ನಿಗೆ ಒಂದರಂತೆ ಹೇಳಿಸಬಹುದು. ಹಾಸ್ಯವನ್ನೂ ಪದ್ಯವನ್ನೂ ಅನುವಾದಕ್ಕೆ ಒಪ್ಪಿಸದೆ ಮಗುವಿನ ಮನೆಮಾತಿನಲ್ಲಿಯೇ ಕೇಳಿಸಬೇಕು. ಶಾಲೆಯಲ್ಲಿ ರಾಜ್ಯಭಾಷೆಯನ್ನೇ ಓದುವ ಕನ್ನಡದ ಮಗುವಿಗೆ, ತನ್ನ ಮಾತಿನಲ್ಲಿ ಹತ್ತು ಮಂದಿಯೊಡನೆ ಕೂಡಿ ನಗುವ ಸಂದರ್ಭ ಬೇರೆಡೆ ಸಿಗುವುದು ವಿರಳ.