ಭೇದಿಯ ವಿಷದಿಂದ ಮದ್ದಿನವರೆಗೆ

ಬ್ಯಾಕ್ಟೀರಿಯಾಗಳು ಸ್ರವಿಸುವ ವಿಷಗಳಲ್ಲಿ ಹಲವು ಜೀವಕೋಶವನ್ನು ಒಟ್ಟಾರೆಯಾಗಿ ನಾಶಮಾಡದೆ, ಅದರ ಯಾವುದೋ ಒಂದು ನಿರ್ದಿಷ್ಟ ಅಣುವನ್ನು ಮಾತ್ರ ಹಿಡಿದು ಅದರ ಕೆಲಸವನ್ನು ಕೆಡಿಸುತ್ತವೆ. ಹೊರಗಿನ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವ ಜಿ-ಪ್ರೋಟೀನುಗಳಲ್ಲಿ ಒಂದು ಬಗೆಯನ್ನು ನಾಯಿಕೆಮ್ಮಿನ ವಿಷ ಸುಮ್ಮನಾಗಿಸುತ್ತದೆ. ಆದ್ದರಿಂದ ಆ ವಿಷವನ್ನು ಉಣಿಸಿದ ಕೋಶಗಳ ಮೇಲೆ ಹೊಸ ಔಷಧವೊಂದರ ಪರಿಣಾಮ ಕಾಣದೆ ಹೋದರೆ, ಅದು ಆ ಪ್ರೋಟೀನಿನ ಮೂಲಕವೇ ಕೆಲಸ ಮಾಡುತ್ತಿತ್ತೆಂದು ತರ್ಕಿಸಬಹುದು. ಕರ್ನಾಟಕದಲ್ಲಿ ಇಂಥ ಸಂಶೋಧನೆಗೆ ಒಳ್ಳೆಯ ನಿದರ್ಶನ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡವು ಭೇದಿಯ ಒಂದು ವಿಷ ಮತ್ತು ಅದು ಅಂಟುವ ಗ್ರಾಹಿಯನ್ನು ಕುರಿತು ದೀರ್ಘಕಾಲ ನಡೆಸಿಕೊಂಡು ಬಂದಿರುವ ಕೆಲಸ.

ಕಲುಷಿತ ನೀರು, ಆಹಾರಗಳಿಂದ ಒಳಹೊಕ್ಕು ಮಕ್ಕಳನ್ನೂ ಪ್ರಯಾಣಿಕರನ್ನೂ ಕಾಡುವ ಇ. ಕೋಲೈ ತಳಿಗಳು ಉಷ್ಣಸ್ಥಿರ ವಿಷವನ್ನು, ಅಂದರೆ ಕುದಿಸಿದರೂ ಕೆಡದ ವಿಷವನ್ನು, ತಯಾರಿಸುತ್ತವೆ. ಕೇವಲ 18 ಅಥವಾ 19 ಅಮೈನೋ ಆಮ್ಲಗಳ ಈ ಸರಪಳಿಯನ್ನು ಗಂಧಕದ ಮೂರು ಬಂಧಗಳು ಬಿಗಿದಿಟ್ಟಿರುವುದೇ ಆ ಗಟ್ಟಿತನಕ್ಕೆ ಕಾರಣ. ಕರುಳಿನ ಒಳಪದರದ ಕೋಶಗಳಲ್ಲಿರುವ ಗ್ವಾನೈಲಿಲ್ ಸೈಕ್ಲೇಸ್ ಸಿ ಎಂಬ ಗ್ರಾಹಿಗೆ ವಿಷ ಅಂಟಿಕೊಂಡೊಡನೆ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ. ಕ್ಲೋರೈಡ್ ಹೊರಹರಿಯುತ್ತದೆ, ಸೋಡಿಯಂ ಹೀರಿಕೆ ತಗ್ಗುತ್ತದೆ, ಅವುಗಳನ್ನು ಹಿಂಬಾಲಿಸಿ ನೀರೂ ಕರುಳಿಗೆ ಇಳಿಯುತ್ತದೆ.

ಬ್ಯಾಕ್ಟೀರಿಯಾಕ್ಕಾಗಿ ದೇಹ ಗ್ರಾಹಿಯೊಂದನ್ನು ಇಟ್ಟುಕೊಂಡಿರಲಾರದು ಎಂಬ ಸಂದೇಹವೇ ಮುಂದಿನ ಶೋಧಕ್ಕೆ ದಾರಿಯಾಯಿತು. ಮನುಷ್ಯನ ಕರುಳಿನ ಕ್ಯಾನ್ಸರಿನಿಂದ ಬೆಳೆಸಿದ ಟಿ-84 ಕೋಶಗಳಲ್ಲಿ ವಿಷದಂತೆಯೇ ವರ್ತಿಸುವ, ಗ್ರಾಹಿಯಿಂದ ವಿಷವನ್ನು ಸರಿಸಿ ತಾನು ಕೂರುವ ಅಣುವನ್ನು ಹುಡುಕಿದಾಗ, 1992ರಲ್ಲಿ ಇಲಿಯ ಕರುಳಿನಲ್ಲಿ ಗ್ವಾನೈಲಿನ್ ಎಂಬ ಹಾರ್ಮೋನು ಸಿಕ್ಕಿತು. ಕರುಳಿನ ನೀರು-ಉಪ್ಪಿನ ಹದವನ್ನು ಕಾಯುವ ದೇಹದ ಸ್ವಂತ ಅಣುವನ್ನು ವಿಷ ಅನುಕರಿಸುತ್ತಿತ್ತು. ವಿಷವೆಂಬ ಸಲಕರಣೆಯಿಲ್ಲದೆ ಈ ಹಾರ್ಮೋನನ್ನು ಗುರುತಿಸುವುದು ಬಹಳ ಕಷ್ಟವಾಗುತ್ತಿತ್ತು.

ಈ ತಿಳಿವಳಿಕೆ ಎಷ್ಟು ದೂರ ತಲುಪಿತೆಂಬುದಕ್ಕೆ 2012 ಸಾಕ್ಷಿ. ಆ ವರ್ಷ ನಾರ್ವೆಯ ಒಂದೇ ಕುಟುಂಬದ 32 ಮಂದಿಯ ದೀರ್ಘಕಾಲದ ಭೇದಿಗೆ ಇದೇ ಗ್ರಾಹಿಯ ಜೀನಿನಲ್ಲಾದ ಒಂದು ಅಕ್ಷರದ ಬದಲಾವಣೆ ಕಾರಣವೆಂದು ನಾರ್ವೆಯ ವೈದ್ಯರೂ ಬೆಂಗಳೂರಿನ ತಂಡವೂ ಜೊತೆಯಾಗಿ ಪ್ರಕಟಿಸಿದರು; ಬದಲಾದ ಗ್ರಾಹಿ ಪ್ರಚೋದನೆಗೆ ಮಿತಿಮೀರಿ ಸೈಕ್ಲಿಕ್ ಜಿಎಂಪಿಯನ್ನು ಉತ್ಪಾದಿಸುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ಮಲಬದ್ಧತೆಗೆ ಲಿನಾಕ್ಲೋಟೈಡ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. ವಿಷದ ರಚನೆಯನ್ನೇ ಮಾದರಿಯಾಗಿಟ್ಟು ರೂಪಿಸಿದ, 14 ಅಮೈನೋ ಆಮ್ಲಗಳ ಈ ಮದ್ದು ಹಿಡಿಯುವುದೂ ಅದೇ ಗ್ರಾಹಿಯನ್ನು. ಭೇದಿ ತರಿಸುವ ಗುಣವೇ ಹಿತಮಿತವಾಗಿ ಚಿಕಿತ್ಸೆಯಾಯಿತು.

ಆದರೆ ಗ್ರಾಹಿಯನ್ನು ಪ್ರಚೋದಿಸುವ ಔಷಧ ಬಂದು ವರ್ಷಗಳಾದರೂ, ವಿಷದಿಂದ ಅದನ್ನು ಕಾಪಾಡಿ ಬಡ ದೇಶಗಳ ಮಕ್ಕಳ ಭೇದಿಯನ್ನು ತಡೆಯುವ ಔಷಧ ಇನ್ನೂ ಬಳಕೆಗೆ ಬಂದಿಲ್ಲದಿರುವುದು ನೋವಿನ ಸಂಗತಿ. ಈ ವಿಷವು ಸಕ್ಕರೆಯೊಂದಿಗೆ ಸೋಡಿಯಂ ಅನ್ನು ಒಳಗೆಳೆದುಕೊಳ್ಳುವ ಕರುಳಿನ ಮತ್ತೊಂದು ಮಾರ್ಗವನ್ನು ಕೆಡಿಸುವುದಿಲ್ಲ. ಆದಕಾರಣ ಭೇದಿಯಾದ ಮಗುವಿಗೆ ತಡಮಾಡದೆ ಕುಡಿಸಬೇಕಾದದ್ದು ಸಕ್ಕರೆ, ಉಪ್ಪುಗಳು ಸರಿಯಾದ ಪ್ರಮಾಣದಲ್ಲಿರುವ ಓಆರ್‌ಎಸ್ ದ್ರಾವಣ.