ಹರಿಗೋಲಿನ ವಿದ್ಯೆ

ಎರಡು ಹೊಳೆಗಳ ನಡುವೆ ಇರುವುದರಿಂದ ನಮ್ಮ ರಾಯಚೂರು ಸೀಮೆಯನ್ನು ಶಾಸನಗಳು ‘ಎಡೆದೊರೆ’ ಎಂದು ಕರೆದವು. ಬಡಗಣದಲ್ಲಿ ದೇವದುರ್ಗದ ಅಂಚಿಗೆ ಕೃಷ್ಣೆ. ತೆಂಕಣದಲ್ಲಿ ಮಾನ್ವಿಯ ಅಂಚಿಗೆ ತುಂಗಭದ್ರೆ. ಕಡಲನ್ನು ಕಾಣದ ಈ ಒಳನಾಡಿನಲ್ಲಿಯೂ ಒಬ್ಬಂಟಿಯಾಗಿ ನೀರಿಗಿಳಿದು ಮೀನು ಹಿಡಿಯುವ ವಿದ್ಯೆಯೊಂದುಂಟು. ಅದರ ಸಾಧನ ಹರಿಗೋಲು.

ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದೇ ತುಂಗಭದ್ರೆಯಲ್ಲಿ ಬುಟ್ಟಿಯಂತಹ ದುಂಡನೆಯ ದೋಣಿಗಳನ್ನು ಕಂಡು, ಅವು ಸುತ್ತುತ್ತಲೇ ಸಾಗುವುದನ್ನು ಬರೆದಿಟ್ಟಿದ್ದಾನೆ. ಅಂದಿನ ತೊಗಲಿನ ಹೊದಿಕೆ ಹೋಗಿ ಇಂದು ಡಾಂಬರು, ಪ್ಲಾಸ್ಟಿಕ್ ಹಾಳೆ ಬಂದಿವೆ; ಸುತ್ತುವ ಗುಣ ಮಾತ್ರ ಹೋಗಿಲ್ಲ. ಹೋಗುವುದೆಂತು? ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಚುಕ್ಕಾಣಿಯಿಲ್ಲ. ಹೊಸಬನು ಪಕ್ಕದಲ್ಲಿ ಹುಟ್ಟು ಹಾಕುತ್ತಾನೆ. ಹರಿಗೋಲು ಇದ್ದಲ್ಲಿಯೇ ಗಿರಗಿರನೆ ತಿರುಗುತ್ತದೆ. ಬಲ್ಲವನು ಹೋಗಬೇಕಾದ ಕಡೆಗೆ ಮುಖಮಾಡಿ ಕುಳಿತು, ಎದುರಿನ ನೀರನ್ನು ಎಡಕ್ಕೂ ಬಲಕ್ಕೂ ಬಳಸಿ ತನ್ನತ್ತ ಸೆಳೆದುಕೊಳ್ಳುತ್ತಾನೆ. ಇದು ಕೈಗೆ ಹತ್ತಿದ ಮೇಲೆ ಒಂದು ಕೈ ಹುಟ್ಟಿಗೆ, ಒಂದು ಕೈ ಬಲೆಗೆ. ಬೈಗಿನಲ್ಲಿ ಬಿಟ್ಟ ಬಲೆಯನ್ನು ಬೆಳಗಿನಲ್ಲಿ ಎತ್ತುವಾಗ ಭಾರವೆಲ್ಲ ಒಂದೇ ಮಗ್ಗುಲಿಗೆ ಬೀಳದಂತೆ ಮೈಯನ್ನು ತೂಗಿಸುವುದು ಮುಂದಿನ ಪಾಠ.

ಪಾಠ ಹೇಳುವುದೇ ಕಸುಬಾದ ನನಗೆ ಇಲ್ಲಿ ಕಾಣುವ ವಿಶೇಷವೊಂದುಂಟು. ಈ ವಿದ್ಯೆಯಲ್ಲಿ ಧೈರ್ಯವನ್ನು ಯಾರೂ ಬೇರೆಯಾಗಿ ಕಲಿಸುವುದಿಲ್ಲ. ನೀರಿನ ಬಣ್ಣ, ಬಂಡೆಯ ಸುಳಿ, ಮೊಸಳೆಯ ಮಡು ಇವುಗಳ ಅರಿವು ಬೆಳೆದಷ್ಟೂ ಧೈರ್ಯ ಬೆಳೆಯುತ್ತದೆ. ‘ಇಂದು ಇಳಿಯಬಾರದು’ ಎನ್ನುವ ವಿವೇಕವೂ ಅದರೊಡನೆಯೇ ಬೆಳೆಯುತ್ತದೆ.

ಆದರೆ ಆ ಅರಿವಿಗೇ ಈಗ ಸಂಚಕಾರ ಬಂದಿದೆ. ಹಿಂದೆ ಮೇಲುಸೀಮೆಯ ಮಳೆ ಕೆನ್ನೀರಾಗಿ ಏರುತ್ತ ಬಂದು ತನ್ನ ಸುದ್ದಿಯನ್ನು ತಾನೇ ಹೇಳುತ್ತಿತ್ತು. ಈಗ ಹೊಳೆ ಅಣೆಕಟ್ಟಿನ ಬಾಗಿಲಿನ ಮಾತು ಕೇಳುತ್ತದೆ. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರಿಗೆ ದೇವದುರ್ಗ ತಾಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ, ಯಾರೂ ತೆರೆಯದ ಬಾಗಿಲಿನಿಂದ ನೀರು ಮಾನ್ವಿಯ ಕಡೆಗೆ ಹರಿಯಿತು. ಇಂಥ ನೀರಿನ ಲಕ್ಷಣವನ್ನು ಯಾವ ತಾತನೂ ಮೊಮ್ಮಗನಿಗೆ ಹೇಳಿಕೊಟ್ಟಿಲ್ಲ.

ಹಾಗೆಂದು ಹಳೆಯ ವಿದ್ಯೆ ವ್ಯರ್ಥವಾಯಿತೆ? ಇಲ್ಲ, ಹುಟ್ಟಿನ ಹದ ಇಂದಿಗೂ ಬೇಕು. ಅದರ ಜೊತೆಗೆ ಹೊರಗಿನಿಂದ ಬರಬೇಕಾದ ಅರಿವೂ ಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತದಲ್ಲಿ ಉಳಿಸಿಕೊಂಡ. ನೀರು ಬಿಡುವ ಸುದ್ದಿಯನ್ನು ದಂಡೆಯ ಕೊನೆಯ ಹರಿಗೋಲಿಗೂ ಸಕಾಲದಲ್ಲಿ ಮುಟ್ಟಿಸುವುದು ಆ ಕಸುಬಿಗೆ ನಾವಿಂದು ಸಲ್ಲಿಸಬಹುದಾದ ಗೌರವ.